ಅತ್ತೆ ಕೊಟ್ಟ ಬ್ಯಾಗಿಗೆ ಕುಂಕುಮದ ಕಲೆ: ಬಣ್ಣ ತಿರುಗಿದ ಮಾತ್ರಕ್ಕೆ ಅದು ನಕಲಿಯೆ?

ಪ್ರಶ್ನೆ: ನಾನು ಗದಗಿನವಳು. ನನ್ನ ಅತ್ತೆ ಶಾಲಾ ಶಿಕ್ಷಕಿಯಾಗಿದ್ದು 2022ರಲ್ಲಿ ನಿವೃತ್ತರಾದರು. ಆಗ ಡಲ್ಲಾಸ್‌ನಲ್ಲಿರುವ ನಮ್ಮ ಭಾವ ಅವರಿಗೊಂದು ಲೂಯಿ ವಿಟಾನ್ ಬ್ಯಾಗ್ ತಂದುಕೊಟ್ಟಿದ್ದರು. ಎರಡು ತೆಳು ಹಿಡಿಕೆ, ಅಗಲ ಬಾಯಿ, ಜಿಪ್ ಇಲ್ಲ. ಅತ್ತೆ ಮೂರು ವರ್ಷ ವೀರನಾರಾಯಣ ಗುಡಿಗೂ ಕಾಯಿಪಲ್ಯೆ ಪ್ಯಾಟಿಗೂ ಅದನ್ನೇ ಹಿಡಿದುಕೊಂಡು ಹೋದರು. ಈ ಬೇಸಿಗೆಯಲ್ಲಿ ನನ್ನ ಕುಬಸದ ದಿನ ಬ್ಯಾಗಿಗೆ ಅರಿಷಿಣ-ಕುಂಕುಮ ಹಚ್ಚಿ, ಉಡಿ ಸಾಮಾನೆಲ್ಲ ಅದರೊಳಗೇ ತುಂಬಿ, "ಇನ್ನ ಇದು ನಿಂದವ್ವ" ಎಂದು ಕೈಗಿಟ್ಟರು. ರಾತ್ರಿ ನೋಡಿದರೆ ಹಿಡಿಕೆಯ ಬುಡದಲ್ಲಿ ಹಳದಿ ಕಲೆ. ಮೈಸೋಪು ಹಚ್ಚಿ ಉಜ್ಜಿದೆ, ಹಳದಿ ಹೋಗಿ ಕೆಂಪಾಯಿತು. ಹೆದರಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪಾಟಿನಲ್ಲಿಟ್ಟು ಹೆರಿಗೆಗೆ ಹಾವೇರಿಗೆ, ತವರಿಗೆ ಹೋದೆ. ಈಗ ಕೂಸಿನ ಜತೆ ಬಂದು ತೆಗೆದರೆ ಹಿಡಿಕೆಯ ಮೇಲೆಲ್ಲ ಬೆಳ್ಳಗಿನ ಚುಕ್ಕಿ, ಒಳಗೆ ಮುಗ್ಗು ವಾಸನೆ. ನಮ್ಮ ನಾದಿನಿ ನೋಡಿ, "ಖರೇ ಮಾಲು ಹಿಂಗ ಬಣ್ಣ ತಿರಗತೈತೇನು? ಒಳಗ ನಂಬರಿಲ್ಲ, ಜಿಪ್ ಇಲ್ಲ, ಮೈ ಚರ್ಮದ್ದೂ ಅಲ್ಲ. ಅಣ್ಣಗ ಯಾರೋ ಟೋಪಿ ಹಾಕ್ಯಾರ" ಅಂದರು. ಬ್ಯಾಗ್ ಅಸಲಿಯೋ ನಕಲಿಯೋ? ಕಲೆ ಹೋಗುತ್ತದೆಯೆ? ಹೊಸ ಹಿಡಿಕೆ ಹಾಕಿಸಬಹುದೆ? ಅತ್ತೆಗೆ ಇನ್ನೂ ಹೇಳಿಲ್ಲ. ಫೋಟೋ ಕಳಿಸಿದ್ದೇನೆ.
(ಹೆಸರು ಬೇಡ, ಗದಗ)

ಉತ್ತರ: ಮೊದಲು ಆ ಸೋಪನ್ನು ಬಚ್ಚಲಿನಲ್ಲೇ ಬಿಟ್ಟುಬಿಡಿ. ಉಳಿದದ್ದು ನಿಧಾನಕ್ಕೆ ಮಾತಾಡೋಣ. ಫೋಟೋದಲ್ಲಿ ಕಂಡಷ್ಟರ ಮಟ್ಟಿಗೆ ಹೇಳುವುದಾದರೆ ನಿಮ್ಮ ಬ್ಯಾಗ್ ಹಾಳಾಗಿಲ್ಲ. ಮೂರು ವರ್ಷ ನಿಮ್ಮ ಅತ್ತೆ ಬಳಸಿದ್ದರಿಂದ ಆದದ್ದು ಒಂದು ಬದಲಾವಣೆ. ಒಂದು ರಾತ್ರಿಯ ಸೋಪು ಮತ್ತು ಒಂದು ಮಳೆಗಾಲದ ಪ್ಲಾಸ್ಟಿಕ್ ಚೀಲದಿಂದ ಆದದ್ದು ಇನ್ನೊಂದು. ನಾದಿನಿಯವರು ಎರಡನ್ನೂ ಕಲಸಿ ಒಂದೇ ತೀರ್ಪು ಕೊಟ್ಟಿದ್ದಾರೆ.

ನಿಮ್ಮ ಮನೆಯಲ್ಲಿ ಮಾವನವರ ಹಳೆಯ ಕೊಲ್ಹಾಪುರಿ ಚಪ್ಪಲಿ ಇದ್ದರೆ ತಂದು ಆ ಹಿಡಿಕೆಯ ಪಕ್ಕದಲ್ಲಿಟ್ಟು ನೋಡಿ. ಹೊಸ ಕೊಲ್ಹಾಪುರಿ ಬಿಸ್ಕತ್ತಿನ ಬಣ್ಣಕ್ಕಿರುತ್ತದೆ. ನಾಲ್ಕು ತಿಂಗಳು ಮೆಟ್ಟಿದರೆ ಹೆಬ್ಬೆರಳು, ಹಿಮ್ಮಡಿ ಊರುವಲ್ಲಿ ಕಪ್ಪು ಕಂದು ತಿರುಗುತ್ತದೆ. ಎಣ್ಣೆ, ಬೆವರು, ಬಿಸಿಲು ಕುಡಿದು ಚರ್ಮ ಪಕ್ವವಾಗುವುದು ಹಾಗೆ. ನಿಮ್ಮ ಬ್ಯಾಗಿನ ಹಿಡಿಕೆಯೂ ಅದೇ ಜಾತಿಯ ಚರ್ಮ. ಕ್ರೋಮಿಯಂ ಲವಣದಲ್ಲಲ್ಲ, ಮರದ ತೊಗಟೆಯ ಒಗರಿನಲ್ಲಿ ಹದ ಮಾಡಿದ ದನದ ಚರ್ಮ. ನಮ್ಮ ಕಡೆ ತಂಗಡಿ ತೊಗಟೆ, ಅಳಲೆಕಾಯಿ ಬಳಸುತ್ತಿದ್ದರು. ಯುರೋಪಿನಲ್ಲಿ ಬೇರೆ ಮರಗಳು, ತತ್ವ ಒಂದೇ. ಮೇಲೆ ಬಣ್ಣವಾಗಲಿ ಮೇಣವಾಗಲಿ ಇರುವುದಿಲ್ಲ, ಹಸಿ ಮೈ. ಅದಕ್ಕೇ ಮುಟ್ಟಿದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಹೊಸದರಲ್ಲಿ ಹೆಚ್ಚುಕಡಿಮೆ ಕೆನೆ ಬಣ್ಣ, ವರ್ಷ ಕಳೆದಂತೆ ಜೇನಿನ ಬಣ್ಣ. ಈ ಬ್ಯಾಗುಗಳ ಮೇಲೆ ಮೋಹವಿರುವವರು ಆ ಜೇನಿನ ಬಣ್ಣ ಬರಲೆಂದೇ ಕಾಯುತ್ತಾರೆ.

ಕೊಲ್ಹಾಪುರಿಯ ಮಾತು ಬಂತೆಂದು ಹೇಳುತ್ತೇನೆ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ನಮ್ಮ ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರವೂ ಪಟ್ಟಿಯಲ್ಲಿದ್ದವು. 2025ರ ಜೂನಿನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಥೇಟು ಅದೇ ನಮೂನೆಯ ಚಪ್ಪಲಿ ತೋರಿಸಿ, ಮೂಲ ಎಲ್ಲಿಯದೆಂದು ಹೇಳದೆ ಗದ್ದಲವಾಗಿದ್ದು ನಿಮಗೂ ನೆನಪಿರಬಹುದು. ಪ್ಯಾರಿಸ್ಸಿನ ಹಿಡಿಕೆಗೂ ನಮ್ಮ ಚಪ್ಪಲಿಗೂ ನಂಟು ಹಚ್ಚಿದರೆ ಯಾರೂ ನಗಬೇಕಿಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಈಗ ನಾದಿನಿಯವರ ಉಳಿದ ಸಾಕ್ಷಿಗಳು. ಮೈ ಚರ್ಮದ್ದಲ್ಲ ಎಂದದ್ದು ಖರೆ. ಆದರೆ ಅದು ನಕಲಿಯ ಲಕ್ಷಣವಲ್ಲ. ಈ ಮನೆತನ 1854ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆಗೆದದ್ದು ಪ್ರಯಾಣದ ಟ್ರಂಕು ಮಾಡಲು. ಚರ್ಮದ ಟ್ರಂಕು ಭಾರ, ಮಳೆಗೆ ನೆನೆದರೆ ಕೆಡುತ್ತದೆ ಎಂದು ಅವರು ಲೇಪನ ಕೊಟ್ಟ ಕ್ಯಾನ್ವಾಸ್ ಬಟ್ಟೆಗೆ ಹೊರಳಿದರು. ಎಲ್, ವಿ ಅಕ್ಷರಗಳೂ ಹೂಗಳೂ ಇರುವ ಆ ವಿನ್ಯಾಸವನ್ನು ಅಂಗಡಿ ತೆಗೆದ ಲೂಯಿಯ ಮಗ ಜಾರ್ಜ್ 1896ರಲ್ಲಿ ತಂದ. ಇವತ್ತಿಗೂ ಆ ವಿನ್ಯಾಸದ ಮಾಮೂಲಿ ಬ್ಯಾಗಿನ ಮೈ ಎಂದರೆ ಹತ್ತಿಯ ಕ್ಯಾನ್ವಾಸ್, ಮೇಲೆ ಪಿವಿಸಿ ಲೇಪನ. ಹಿಡಿಕೆ, ಅಂಚು, ಪಟ್ಟಿ ಮಾತ್ರ ಚರ್ಮ. ಲಕ್ಷ ದಾಟಿದ ಬ್ಯಾಗಿನ ಮೈ ಪ್ಲಾಸ್ಟಿಕ್ ಲೇಪದ ಬಟ್ಟೆ ಎಂದರೆ ನನ್ನ ಅಂಗಡಿಗೆ ಬಂದವರ ಮುಖ ಇಳಿಯುತ್ತದೆ. ನಾನೇನು ಮಾಡಲಿ, ಇರುವುದು ಹಾಗೆಯೇ.

ಜಿಪ್ ಇಲ್ಲದ್ದೂ ಸರಿಯೇ. ಫೋಟೋದಲ್ಲಿ ಕಾಣುವುದು ನೆವರ್‌ಫುಲ್ ಎಂಬ ಮಾದರಿ, 2007ರಲ್ಲಿ ಬಂದದ್ದು. ಅದರ ಬಾಯಿಗೆ ಒಂದು ಸಣ್ಣ ಕೊಕ್ಕೆ, ಅಷ್ಟೇ. ಒಳಗೆ ನಂಬರಿಲ್ಲ ಎಂಬ ಮಾತು ಹಳೆಯ ಬ್ಯಾಗುಗಳನ್ನು ನೋಡಿ ಹುಟ್ಟಿದ್ದು. ಮೊದಲು ಅಕ್ಷರ-ಅಂಕಿಯ ಒಂದು ಗುರುತು ಒತ್ತುತ್ತಿದ್ದರು, ಅದು ಕೂಡ ತಯಾರಾದ ಜಾಗ ಮತ್ತು ಕಾಲ ಹೇಳುವ ಗುರುತೇ ಹೊರತು ಬ್ಯಾಗಿಗೊಂದರಂತೆ ಕೊಟ್ಟ ಕ್ರಮಸಂಖ್ಯೆಯಲ್ಲ. 2021ರಿಂದ ಅದನ್ನು ಬಿಟ್ಟು ಒಳಗೆ ಚಿಪ್ ಇಡುತ್ತಿದ್ದಾರೆ. 2022ರ ಬ್ಯಾಗಿನಲ್ಲಿ ಆ ಗುರುತು ಇಲ್ಲದಿರುವುದು ಸಹಜ, ಇದ್ದಿದ್ದರೇ ನಾನು ಹುಬ್ಬೇರಿಸುತ್ತಿದ್ದೆ. ನೀವು ಕೇಳಿಲ್ಲ, ಆದರೂ ಮುಂದೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಒಳಗಿನ ಮುದ್ರೆಯಲ್ಲಿ ಫ್ರಾನ್ಸ್ ಬದಲು ಅಮೆರಿಕ ಎಂದಿದ್ದರೂ ಚಿಂತಿಸಬೇಡಿ. ಫ್ರಾನ್ಸಿನಲ್ಲಲ್ಲದೆ ಸ್ಪೇನ್, ಇಟಲಿ, ಅಮೆರಿಕದಲ್ಲೂ ತಯಾರಾಗುತ್ತವೆ. ನಿಮ್ಮ ಭಾವ ಇರುವ ಟೆಕ್ಸಸ್‌ನಲ್ಲೇ 2019ರಲ್ಲಿ ಅವರದೊಂದು ಕಾರ್ಖಾನೆ ಆರಂಭವಾಗಿದೆ.

ಹಾಗಾದರೆ ಅಸಲಿಯೇ? ಫೋಟೋ ನೋಡಿ ಮುದ್ರೆ ಒತ್ತುವವನು ನಾನಲ್ಲ. ಇತ್ತೀಚಿನ ನಕಲಿಗಳಲ್ಲಿ ಹೊಲಿಗೆ ಎಷ್ಟು ಚೊಕ್ಕ ಇರುತ್ತದೆಂದರೆ ಕೈಯಲ್ಲಿ ಹಿಡಿದು ನೋಡಿದವರೂ ಏಮಾರುತ್ತಾರೆ. ಚಿಪ್ಪನ್ನೂ ಹಾಕುತ್ತಾರೆ. ನಾನು ಹೇಳಬಲ್ಲದ್ದು ಇಷ್ಟು: ನಾದಿನಿಯವರು ಎತ್ತಿದ ನಾಲ್ಕೂ ಆಕ್ಷೇಪಗಳಲ್ಲಿ ಒಂದೂ ನಕಲಿಗೆ ಪುರಾವೆಯಲ್ಲ. ಬಣ್ಣ ತಿರುಗಿರುವುದು ಹಸಿ ಚರ್ಮ ಎಂಬುದಕ್ಕೆ ಸಾಕ್ಷಿ. ಅಗ್ಗದ ನಕಲಿಗಳಲ್ಲಿ ಈ ಜಾಗಕ್ಕೆ ಪ್ಲಾಸ್ಟಿಕ್ ಬಳಿದ ರೆಕ್ಸಿನ್ ಇರುತ್ತದೆ. ಅದು ಜೇನಾಗುವುದಿಲ್ಲ, ಸಿಪ್ಪೆ ಏಳುತ್ತದೆ. ಸಂಶಯ ಪೂರ್ತಿ ನೀಗಬೇಕಾದರೆ ಭಾವನವರ ಬಿಲ್ಲಿಗಿಂತ ದೊಡ್ಡ ದಾಖಲೆ ಇಲ್ಲ. ಆದರೆ "ಬಿಲ್ಲೈತೇನು?" ಎಂದು ನೇರ ಕೇಳಿದರೆ ಡಲ್ಲಾಸ್‌ಗೆ ಬೇರೆಯದೇ ಅರ್ಥ ಮುಟ್ಟುತ್ತದೆ. "ಹಿಡಿಕೆ ಸರ್ವಿಸಿಗೆ ಕೊಡುವುದಿದೆ, ಬಿಲ್ಲಿನ ಫೋಟೋ ಇದ್ದರೆ ಕಳಿಸಿ" ಎಂದು ಯಜಮಾನರಿಂದ ಕೇಳಿಸಿ. ಸುಳ್ಳೂ ಅಲ್ಲ, ಸರ್ವಿಸಿನ ಆಲೋಚನೆ ನಿಮಗೆ ಇದ್ದೇ ಇದೆ. ಅವರು ಕಂಪನಿಯ ಸ್ವಂತ ಮಳಿಗೆಯಿಂದ ತಂದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಡಿಸ್ಕೌಂಟಿನಲ್ಲಿ, ಸೇಲಿನಲ್ಲಿ ಸಿಕ್ಕಿತು ಎಂದರೆ ಮಾತ್ರ ಅನುಮಾನಕ್ಕೆ ಜಾಗವಿದೆ. ಈ ಕಂಪನಿ ಸೇಲ್ ಹಾಕುವುದಿಲ್ಲ. ಹಣ ಪಡೆದು ಫೋಟೋ ನೋಡಿ ಪ್ರಮಾಣಪತ್ರ ಕೊಡುವವರು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟಿದ್ದಾರೆ. ಮಾರುವುದಿದ್ದರೆ ಅದು ಉಪಯೋಗ, ಇಲ್ಲದಿದ್ದರೆ ದುಡ್ಡು ಕೊಟ್ಟು ಇನ್ನೊಬ್ಬ ನಾದಿನಿಯ ಅಭಿಪ್ರಾಯ ಕೇಳಿದಂತೆ.

ಕಲೆಗೆ ಬರೋಣ. ನಿಮ್ಮನ್ನು ಹೆದರಿಸಿದ ಆ ಕೆಂಪು ಹೊಸ ಕಲೆಯಲ್ಲ, ಅದೇ ಅರಿಷಿಣ. ಕೂಸನ್ನು ಮನೆ ತುಂಬಿಸಿಕೊಳ್ಳುವಾಗ ಆರತಿ ತಟ್ಟೆಯ ನೀರು ಹೇಗೆ ಕೆಂಪಾಗಿತ್ತು ಹೇಳಿ? ಅರಿಷಿಣದ ನೀರಿಗೆ ಚಿಟಿಕೆ ಸುಣ್ಣ. ಅರಿಷಿಣದ ಬಣ್ಣ ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಮೈಸೋಪೂ ಕ್ಷಾರವೇ. ಅವತ್ತು ರಾತ್ರಿ ನೀವು ಬ್ಯಾಗಿನ ಮೇಲೆ ಓಕುಳಿ ಮಾಡಿದ್ದೀರಿ. ಕ್ಷಾರ ಇಳಿಯುತ್ತ ಹೋದಂತೆ ಕೆಂಪು ಮತ್ತೆ ಹಳದಿಗೆ ತಿರುಗುವುದುಂಟು. ನೀವು ಕಳಿಸಿದ ಎರಡನೆಯ ಫೋಟೋದಲ್ಲಿ ಬುಡದ ಪಟ್ಟಿಯ ಎಡತುದಿ ಆಗಲೇ ಇಟ್ಟಿಗೆ ಬಣ್ಣದಿಂದ ಹಳದಿಗೆ ಬರುತ್ತಿದೆ. ಹಾಗೆಂದು ಅದನ್ನು ಅವಸರಿಸಲು ನಿಂಬೆಹಣ್ಣು ಹಿಂಡಬೇಡಿ. ಆರತಿ ತಟ್ಟೆಯಲ್ಲಿ ಆ ಆಟ ನಡೆಯುತ್ತದೆ, ಚರ್ಮದಲ್ಲಿ ನಿಂಬೆರಸ ಕಪ್ಪು ಉಂಗುರ ಬಿಟ್ಟು ಹೋಗುತ್ತದೆ.

ಅರಿಷಿಣಕ್ಕೆ ಒಂದು ದೌರ್ಬಲ್ಯವಿದೆ, ಬೆಳಕು. ಬಿಳಿ ಅಂಗಿಯ ಮೇಲೆ ಬಿದ್ದ ಸಾರಿನ ಹಳದಿ ಬಿಸಿಲಿಗೆ ಹಾಕಿದರೆ ಮಾಸುವುದನ್ನು ನೀವೇ ಕಂಡಿದ್ದೀರಿ. ಹಸಿ ಚರ್ಮಕ್ಕೆ ಇದಕ್ಕೆ ತದ್ವಿರುದ್ಧ ಸ್ವಭಾವ, ಬೆಳಕಿಗೆ ಅದು ಗಾಢವಾಗುತ್ತದೆ. ಹಾಗಾಗಿ ಬ್ಯಾಗನ್ನು ಕಿಟಕಿಯ ಹತ್ತಿರ ಚೆನ್ನಾಗಿ ಬೆಳಕಿರುವ, ಆದರೆ ನೇರ ಬಿಸಿಲು ಬೀಳದ ಜಾಗದಲ್ಲಿ ಮೂರು-ನಾಲ್ಕು ವಾರ ಇಡಿ, ದಿನಕ್ಕೊಮ್ಮೆ ಮಗ್ಗುಲು ತಿರುಗಿಸಿ. ಕಲೆ ತಿಳಿಯಾಗುತ್ತ, ಸುತ್ತಲ ಚರ್ಮ ಗಾಢವಾಗುತ್ತ ಎರಡೂ ನಡುವೆ ಎಲ್ಲೋ ಸಂಧಿಸುತ್ತವೆ. ನಾನು ಇದನ್ನು ಮಾಡಿ ನೋಡಿದ್ದೇನೆ. ನಿಮ್ಮ ಊರಿನ ಮಾಳಿಗೆಯ ಮೇಲಿನ ಬಿಸಿಲಿಗೆ ಮಾತ್ರ ಇಡಬೇಡಿ. ಚರ್ಮ ಒಣಗಿ ಬಿರಿಯುತ್ತದೆ, ಅಂಟು ಬಿಡುತ್ತದೆ. ಇನ್ನು ಕುಂಕುಮ. ಮನೆಯಲ್ಲಿ ಅರಿಷಿಣದಿಂದ ಮಾಡಿದ್ದಾದರೆ ಅದೂ ಇದೇ ದಾರಿಗೆ ಬರುತ್ತದೆ. ಅಂಗಡಿಯ ಪೊಟ್ಟಣದ್ದು ಬಹಳ ಸಲ ಕೃತಕ ಬಣ್ಣ. ಅದು ಒಂಚೂರು ಉಳಿದೇ ಉಳಿಯುತ್ತದೆ ಎಂದು ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ಮೂರನೆಯ ಫೋಟೋದಲ್ಲಿ ಹಿಡಿಕೆಯ ಅಂಚಿನುದ್ದಕ್ಕೂ ಕಾಣುವ ಕೆಂಪು ಗೆರೆಗೆ ನೀವು ಬಾಣದ ಗುರುತು ಹಾಕಿ "ಇಲ್ಲೂ ಕುಂಕುಮ" ಎಂದು ಬರೆದಿದ್ದೀರಿ. ಅದು ಕುಂಕುಮವಲ್ಲ, ಅಂಚು ಬಿಚ್ಚಿಕೊಳ್ಳದಂತೆ ಕಾರ್ಖಾನೆಯಲ್ಲೇ ಹಚ್ಚಿದ ಬಣ್ಣ. ಉಜ್ಜಿದರೆ ಚರ್ಮದ ಪದರ ಬಾಯಿ ಬಿಡುತ್ತದೆ.

ಬೆಳ್ಳಗಿನ ಚುಕ್ಕಿ ಎರಡು ಕಾರಣಕ್ಕೆ ಬರುತ್ತದೆ. ಚರ್ಮದೊಳಗಿನ ಕೊಬ್ಬು ಮೇಲೆ ಬಂದು ಹೆಪ್ಪುಗಟ್ಟಿದರೆ ಬಿಳಿ ಪುಡಿಯಂತೆ ಕಾಣುತ್ತದೆ. ಅದು ನಿರುಪದ್ರವಿ. ಹೇರ್ ಡ್ರೈಯರಿನ ಬೆಚ್ಚನೆಯ ಗಾಳಿ ದೂರದಿಂದ ಬಿಟ್ಟರೆ ಕರಗಿ ಮಾಯವಾಗುತ್ತದೆ. ಮಾಯವಾಗದೆ ಹಾಗೇ ಇದ್ದರೆ ಬೂಷ್ಟು. ಮುಗ್ಗು ವಾಸನೆ ಇದೆ ಎಂದಿರುವುದರಿಂದ ನಿಮ್ಮದು ಬೂಷ್ಟೇ. ಕಾರಣವನ್ನೂ ನೀವೇ ಬರೆದಿದ್ದೀರಿ. ಸೋಪಿನ ನೀರು ಆರುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದಿರಿ. ಉಡಿಯ ಕೊಬ್ಬರಿ, ಅಕ್ಕಿಯ ಪುಡಿ ಒಳಗಿನ ಬಟ್ಟೆಯ ಮೂಲೆಯಲ್ಲಿ ಉಳಿದಿತ್ತು. ಬೂಷ್ಟಿಗೆ ಇನ್ನೇನು ಬೇಕು, ನೀರೂ ಸಿಕ್ಕಿತು, ಊಟವೂ ಸಿಕ್ಕಿತು. ಧಾರವಾಡದಂಥ ಮಳೆಯ ಸೀಮೆಯಲ್ಲಿ ಕಪಾಟಿನಲ್ಲಿಟ್ಟ ಒಣ ಬ್ಯಾಗಿಗೂ ಇದು ಬರುತ್ತದೆ. ಕಪ್ಪತಗುಡ್ಡದ ಗಾಳಿ ಬೀಸುವ ಗದಗಿನಲ್ಲಿ ಬಂದಿದೆಯೆಂದರೆ ಅದು ಆ ಚೀಲದ ಕೆಲಸವೇ.

ತೆಗೆಯುವುದು ಕಷ್ಟವಲ್ಲ. ಬ್ಯಾಗನ್ನು ಅಂಗಳಕ್ಕೆ ಒಯ್ಯಿರಿ. ಮನೆಯಲ್ಲಿ ಎಳೆಗೂಸಿದೆ, ಒಳಗೆ ಕೊಡವಬೇಡಿ. ಈ ಕೆಲಸ ನಿಮಗೂ ಬೇಡ, ಯಜಮಾನರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾಡಲಿ. ಒಳಗಿನ ಬಟ್ಟೆಯನ್ನು ಹೊರಗೆಳೆದು ಮೂಲೆಯ ಪುಡಿಯನ್ನೆಲ್ಲ ಕೊಡವಿ. ಚರ್ಮವನ್ನು ಒಣಗಿದ ಮೆತ್ತನೆ ಬ್ರಷ್‌ನಿಂದ ಒಂದೇ ದಿಕ್ಕಿಗೆ ತಿಕ್ಕಿ. ಒದ್ದೆ ಬಟ್ಟೆ ಚರ್ಮಕ್ಕೆ ಬೇಡ, ಹಸಿ ಚರ್ಮದ ಮೇಲೆ ಒಂದು ಹನಿ ಬಿದ್ದರೂ ಗುರುತು ಉಳಿಯುತ್ತದೆ. ಕ್ಯಾನ್ವಾಸ್ ಮೈಯನ್ನು ಮಾತ್ರ ಹಿಂಡಿದ ಬಟ್ಟೆಯಿಂದ ಒರೆಸಿ ತಕ್ಷಣ ಒಣಬಟ್ಟೆ ಹಾಕಿ. ಆಮೇಲೆ ಬಾಯಿ ತೆರೆದು ನೆರಳಿನಲ್ಲಿ ಗಾಳಿಗೆ ನಾಲ್ಕೈದು ದಿನ. ವಾಸನೆ ಇಳಿಯಲು ಇನ್ನೊಂದು ವಾರ ಹಿಡಿದರೂ ಸೆಂಟು ಹೊಡೆಯಬೇಡಿ. ಬೂಷ್ಟು ಹೋದಮೇಲೆ ನಸುಗಪ್ಪು ಚುಕ್ಕಿ ಕೆಲವು ಉಳಿಯಬಹುದು, ಅವು ಹೋಗುವುದಿಲ್ಲ.

ಯಾರಾದರೂ ಕೊಬ್ಬರಿ ಎಣ್ಣೆ ಹಚ್ಚು ಎನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಅಂಗಡಿ ಹಾಕಿದ ಹೊಸತರಲ್ಲಿ ನಾನೇ ಒಬ್ಬ ಗಿರಾಕಿಯ ಹಿಡಿಕೆಗೆ ಹಚ್ಚಿದ್ದೆ. ಸಂಜೆಗೆ ಚಂದ ಹೊಳೆಯಿತು. ತಿಂಗಳು ಕಳೆದ ಮೇಲೆ ಆಕೆ ತಂದು ಮೂಗಿನ ಹತ್ತಿರ ಹಿಡಿದಳು, ಹಳಸಿದ ಉಂಡಿಯ ವಾಸನೆ. ಕಪ್ಪಾಗಿದ್ದು ಮತ್ತೆ ತಿಳಿಯಾಗಲೇ ಇಲ್ಲ. ನೇಲ್ ಪಾಲಿಶ್ ತೆಗೆಯುವ ದ್ರವ, ಸ್ಯಾನಿಟೈಸರ್, ಕೂಸಿಗೆಂದು ತಂದ ವೈಪ್ಸ್, ಇವೂ ಬೇಡ. ಬೂಟ್ ಪಾಲಿಶಂತೂ ಬೇಡವೇ ಬೇಡ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮನೆಯಿಂದ ಬಂದ ಬ್ಯಾಗಿಗೆ ಅಂಗೈ ಅಗಲ ಕೆಂಪು ಹತ್ತಿತ್ತು. ಒಣ ಪುಡಿಯಾಗಿದ್ದಾಗ ಕೊಡವಿದ್ದರೆ ಹೋಗುತ್ತಿತ್ತು. ಎಣ್ಣೆ ಹಾಕಿ ಒರೆಸಿದ್ದರು. ಬ್ಯಾಡಗಿಯ ಬಣ್ಣ ಎಣ್ಣೆಯಲ್ಲಿ ಬಿಡುತ್ತದೆ ಎಂದು ಅಡುಗೆಮನೆಯಲ್ಲಿ ಗೊತ್ತಿದ್ದವರಿಗೇ ಬ್ಯಾಗಿನ ಹತ್ತಿರ ಬಂದಾಗ ಮರೆತಿತ್ತು.

ಹಿಡಿಕೆ ಬದಲಿಸುವ ಪ್ರಶ್ನೆ. ಕಂಪನಿಯವರೇ ಬದಲಿಸಿಕೊಡುತ್ತಾರೆ. ಅದಕ್ಕೆ ಬೆಂಗಳೂರಿನ ಯುಬಿ ಸಿಟಿಯ ಮಳಿಗೆಗೆ ಒಯ್ಯಬೇಕು. ಖರ್ಚು ಸಣ್ಣದಲ್ಲ, ಸಮಯವೂ ಹಿಡಿಯುತ್ತದೆ, ಎಷ್ಟೆಂದು ಅವರು ನೋಡಿದ ಮೇಲೆಯೇ ಹೇಳುತ್ತಾರೆ. ಹೊಸ ಹಿಡಿಕೆ ಕೆನೆಬಣ್ಣದ್ದು ಬರುತ್ತದೆ, ಬಾಯಿಯ ಅಂಚಿನ ಪಟ್ಟಿ ಹಳೆಯ ಜೇನಿನ ಬಣ್ಣದ್ದೇ ಉಳಿಯುತ್ತದೆ. ಹಳೇ ಇಲಕಲ್ ಸೀರೆಗೆ ಹೊಸ ಸೆರಗು ಜೋಡಿಸಿದ ಹಾಗೆ ಕೆಲವು ವರ್ಷ ಎರಡೂ ಬೇರೆ ಬೇರೆ ಕಾಣುತ್ತವೆ. ಇನ್ನೊಂದು ಅಪಾಯವನ್ನೂ ಹೇಳಬೇಕು. ಬ್ಯಾಗ್ ಅಸಲಿಯಲ್ಲ ಎನಿಸಿದರೆ ಅವರು ರಿಪೇರಿಗೆ ತೆಗೆದುಕೊಳ್ಳುವುದಿಲ್ಲ. ಬಿಲ್ಲಿನ ವಿಚಾರ ಮನೆಯಲ್ಲಿ ಇತ್ಯರ್ಥವಾಗುವ ಮೊದಲೇ ಮಳಿಗೆಯ ಮೇಜಿನ ಎದುರು ಆ ಮಾತು ಕೇಳುವ ಸಂದರ್ಭ ತಂದುಕೊಳ್ಳಬೇಡಿ.

ನಮ್ಮಂಥ ಊರಿನ ಅಂಗಡಿಗಳಲ್ಲಿ ಬೇರೆ ಚರ್ಮದಲ್ಲಿ ಹಿಡಿಕೆ ಮಾಡಿಸಬಹುದು, ಕಡಿಮೆ ಖರ್ಚು. ಹೊಲಿಗೆ ಚೆನ್ನಾಗಿ ಬರುತ್ತದೆ. ಆದರೆ ಆಮೇಲೆ ಕಂಪನಿಯವರು ಆ ಬ್ಯಾಗನ್ನು ಮುಟ್ಟದಿರಬಹುದು, ಮಾರಿದರೂ ಬೆಲೆ ಬಿದ್ದುಹೋಗುತ್ತದೆ. ಹಿಡಿಕೆಗೆ ಕಡು ಕಂದು ಬಣ್ಣ ಬಳಿದು ಕಲೆ ಮುಚ್ಚುವುದೂ ಉಂಟು. ಬಳಿದವರು ದುಡ್ಡು ತೆಗೆದುಕೊಂಡ ಮೇಲೆ ಮೊದಲ ಮಳೆಗೆ ಆ ಬಣ್ಣ ನಿಮ್ಮ ಸೀರೆಗೆ ಇಳಿಯುತ್ತದೆ. ನನ್ನ ಗಲ್ಲಾಪೆಟ್ಟಿಗೆಗೆ ನಷ್ಟವಾದರೂ ಹೇಳುತ್ತೇನೆ: ಹಿಡಿಕೆ ಹರಿದಿಲ್ಲ, ಬಿರಿದಿಲ್ಲ, ಬದಲಿಸಬೇಡಿ. ಅದರ ಮೇಲಿನ ಕಪ್ಪು ನಿಮ್ಮ ಅತ್ತೆಯ ಅಂಗೈಯದು. ನಡುವೆ ಎರಡೂ ಹಿಡಿಕೆ ಒಟ್ಟಿಗೆ ಹಿಡಿಯುವ ಜಾಗದಲ್ಲಿ ನಾಲ್ಕು ಬೆರಳಿನ ಅಗಲಕ್ಕೆ ಸರಿಯಾಗಿ ಕಪ್ಪು ತಿರುಗಿದೆ, ನೋಡಿ. ಅಂಥದ್ದನ್ನು ಹಣ ಕೊಟ್ಟು ಮಾಡಿಸಲಾಗುವುದಿಲ್ಲ.

ಇಡುವ ಬಗೆ ಸರಳ. ಮೆತ್ತನೆಯ ಹಳೆಯ ಧೋತರವನ್ನು ಉಂಡೆ ಮಾಡಿ ಒಳಗೆ ತುರುಕಿ, ಆಕಾರ ನಿಲ್ಲುತ್ತದೆ. ಪೇಪರ್ ತುಂಬಿದರೆ ಅದರ ಮಸಿ ಒಳಗಿನ ಬಟ್ಟೆಗೆ ಹತ್ತುತ್ತದೆ. ಹೊರಗೆ ಹತ್ತಿಯ ಚೀಲ, ಮಳೆಗಾಲದಲ್ಲಿ ಸಿಲಿಕಾ ಜೆಲ್‌ನ ಎರಡು ಪೊಟ್ಟಣ (ಕೂಸಿನ ಕೈಗೆ ಸಿಗದಂತೆ). ನುಸಿಗುಳಿಗೆ ಬೇಡ, ಆ ವಾಸನೆ ಬ್ಯಾಗಿನಿಂದ ಬಿಡುವುದಿಲ್ಲ. ಇದಕ್ಕಿಂತ ಒಳ್ಳೆಯದು ವಾರಕ್ಕೊಮ್ಮೆಯಾದರೂ ಹೊರಗೆ ಒಯ್ಯುವುದು. ಮೂರು ವರ್ಷ ಸಂತೆಗೆ ಹೋದಾಗ ಏನೂ ಆಗದ ಬ್ಯಾಗಿಗೆ ಆರು ತಿಂಗಳು ಕಪಾಟಿನಲ್ಲಿದ್ದಾಗ ಬೂಷ್ಟು ಬಂತು. ಕೂಸಿನ ಸಾಮಾನಿಗೂ ಇದಕ್ಕಿಂತ ಅಗಲ ಬಾಯಿಯ ಚೀಲ ಸಿಗದು. ಹಾಲಿನ ಬಾಟಲಿಯನ್ನು ಮಾತ್ರ ಬೇರೆ ಚೀಲದಲ್ಲಿ ಸುತ್ತಿ ಇಡಿ. ಹೊಸ ಇಲಕಲ್ ಉಟ್ಟ ದಿನ ಬ್ಯಾಗನ್ನು ಬಗಲಿಗೆ ಅವುಚಿಕೊಳ್ಳಬೇಡಿ, ಮೊದಲೆರಡು ಒಗೆತದ ತನಕ ಕೆಂಪು ಸೆರಗು ಬಣ್ಣ ಬಿಡುತ್ತದೆ.

ಅತ್ತೆಗೆ ಹೇಳುವುದೋ ಬೇಡವೋ ಎಂಬುದು ಚರ್ಮದವನಿಗೆ ಕೇಳುವ ಪ್ರಶ್ನೆಯಲ್ಲ. ಆದರೂ ಕೇಳಿದ್ದೀರಿ. ಹೇಳಿಬಿಡಿ, ನಾದಿನಿಯವರು ಹೇಳುವ ಮೊದಲೇ. ಕಲೆ ಹತ್ತಿದ್ದು ಅವರು ಹಚ್ಚಿದ ಅರಿಷಿಣದಿಂದ ಎಂದು ಶುರು ಮಾಡಬೇಡಿ, ಸೋಪು ಹಚ್ಚಿದ್ದು ನಾನು ಎಂದು ಶುರು ಮಾಡಿ. ಅರಿಷಿಣ ಕೆಂಪಾಗುವುದನ್ನು ಆರತಿ ತಟ್ಟೆಯಲ್ಲಿ ಎಷ್ಟೋ ಸಲ ನೋಡಿದವರು, ಅರ್ಧ ಮಾತಿಗೇ ಅವರಿಗೆ ಅರ್ಥವಾಗುತ್ತದೆ. ಮುಂದಿನ ಆಯುಧ ಪೂಜೆಗೆ ಅವರು ಮತ್ತೆ ಕುಂಕುಮದ ಬಟ್ಟಲು ಹಿಡಿದು ಬಂದರೆ ತಡೆಯಬೇಡಿ. ಬಾಯಿಯ ಒಳಗಿರುವ ಆ ಲೋಹದ ಕೊಕ್ಕೆಯನ್ನು ತೋರಿಸಿ, ಅದಕ್ಕೆ ಹಚ್ಚಲಿ. ಮರುದಿನ ಒಣ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.